ರಿಪೋರ್ಟ್ ನಾರ್ಮಲ್ ಬಂದ ಮೇಲೆ: ಯುವ ವೈದ್ಯರಿಗೊಂದು ಬಹಿರಂಗ ಪತ್ರ

ಪ್ರೀತಿಯ ಯುವ ವೈದ್ಯರೇ,



ಎಂಬಿಬಿಎಸ್ ಮುಗಿಸಿ, ಇಂಟರ್ನ್‌ಶಿಪ್ ಕಳೆದು, ಈಗಷ್ಟೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಹೊರಟವರಿಗೆ, ಊರ ಬಸ್‌ಸ್ಟ್ಯಾಂಡ್ ಪಕ್ಕದಲ್ಲಿ ಸ್ವಂತ ಬೋರ್ಡ್ ಹಾಕಿಕೊಂಡವರಿಗೆ ಈ ಪತ್ರ. ನಾನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ನರಕೋಶದ ಚಿತ್ರ ಬಿಡಿಸಲು ನಿಮ್ಮಲ್ಲಿ ಯಾರಿಗೋ ಮೊದಲು ಹೇಳಿಕೊಟ್ಟವಳು ನಾನೇ ಇದ್ದರೂ ಇರಬಹುದು. ಆ ಸಲುಗೆಯಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ.

ಹಲವು ವರ್ಷಗಳಿಂದ ನನ್ನ ಮೈಯ ಸ್ನಾಯುಗಳು ತಮ್ಮಷ್ಟಕ್ಕೆ ತಾವೇ ಅದುರುತ್ತಿವೆ. ಬಲಗಾಲಿನ ಮೀನಖಂಡದಲ್ಲಿ ಶುರುವಾದದ್ದು ಎಡಗಾಲಿಗೆ, ತೊಡೆಗೆ, ರಟ್ಟೆಗೆ, ಕೆಲವು ದಿನ ಕಣ್ಣಿನ ಕೆಳರೆಪ್ಪೆಗೂ ಬಂತು. ಚರ್ಮದ ಕೆಳಗೆ ಏನೋ ಪುಟಿಯುತ್ತದೆ, ನಿಲ್ಲುತ್ತದೆ, ಮತ್ತೊಂದು ಕಡೆ ಶುರುವಾಗುತ್ತದೆ. ಓಡಾಡುವಾಗ ಗೊತ್ತಾಗುವುದಿಲ್ಲ. ಕೂತಾಗ, ಮಲಗಿದಾಗ, ಅದರಲ್ಲೂ ಮನೆಯೆಲ್ಲ ನಿದ್ದೆ ಹೋದ ಮೇಲೆ ಜೋರು. ಒಮ್ಮೊಮ್ಮೆ ಹೆಬ್ಬೆರಳು ಒಳಕ್ಕೆ ಎಳೆದುಕೊಳ್ಳುತ್ತದೆ. ಉತ್ತರಪತ್ರಿಕೆ ತಿದ್ದುತ್ತಿದ್ದರೆ ಕೆಂಪು ಪೆನ್ನು ಅಂಕದ ಮೇಲೇ ಗೀಟು ಹಾಕುತ್ತದೆ, ಮಕ್ಕಳು ‘ಕಟ್ ಮಾಡಿದ್ದೀರಾ ಮಿಸ್’ ಎಂದು ಕೇಳಿಕೊಂಡು ಬರುತ್ತಾರೆ. ಇದರ ಜೊತೆಗೆ ಮೈಕೈ ನೋವು. ಬೆಳಗ್ಗೆ ಏಳುವಾಗಲೇ ಮೈ ದಣಿದಿರುತ್ತದೆ. ಭುಜ, ಕತ್ತಿನ ಹಿಂಭಾಗ, ಸೊಂಟ, ತೊಡೆ. ಇವತ್ತು ಇಲ್ಲಿ, ನಾಳೆ ಅಲ್ಲಿ. ಕೈ ಎತ್ತಿ ಬರೆದರೆ ಭುಜ ಹಿಡಿದುಕೊಳ್ಳುವುದರಿಂದ ನನ್ನ ಪಾಠಗಳೆಲ್ಲ ಈಗ ಕರಿಹಲಗೆಯ ಕೆಳಗಿನ ಅರ್ಧದಲ್ಲೇ ನಡೆಯುತ್ತವೆ. ನೋಡಿದವರಿಗೆ ಇದ್ಯಾವುದೂ ಕಾಣುವುದಿಲ್ಲ. ತೂಕ ಇಳಿದಿಲ್ಲ, ಮುಖ ಬಾಡಿಲ್ಲ. ಮದುವೆಮನೆಗಳಲ್ಲಿ ‘ಆರೋಗ್ಯವಾಗಿದ್ದೀರಲ್ಲ’ ಎಂದು ಹೇಳಿಸಿಕೊಂಡೇ ಊಟಕ್ಕೆ ಕೂರುತ್ತೇನೆ.

ಇವೆರಡನ್ನೂ ಹೊತ್ತುಕೊಂಡು ಹತ್ತಿಳಿದ ಆಸ್ಪತ್ರೆಗಳ ಪಟ್ಟಿ ಕೊಡುವುದಿಲ್ಲ. ಯಾರನ್ನೂ ದೂರುವುದು ಈ ಪತ್ರದ ಉದ್ದೇಶವಲ್ಲ, ಬಹುಪಾಲು ಕಡೆ ನಡೆದದ್ದೂ ಒಂದೇ. ರಕ್ತ ಪರೀಕ್ಷೆ ಬರೆದರು: ಸಕ್ಕರೆ, ಥೈರಾಯ್ಡ್, ಕ್ಯಾಲ್ಸಿಯಂ, ವಿಟಮಿನ್. ಬಂದ ಕಾಗದವನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ‘ಎಲ್ಲಾ ನಾರ್ಮಲ್ ಇದೆಯಮ್ಮಾ, ಏನೂ ಇಲ್ಲ’ ಎಂದರು. ಒಂದು ಸತುವಿನ ಮಾತ್ರೆ, ಒಂದು ನೋವಿನ ಮಾತ್ರೆ, ಅದರ ಜೊತೆಗೊಂದು ಗ್ಯಾಸ್ ಮಾತ್ರೆ. ಮುಂದಿನ ಟೋಕನ್.

‘ಏನೂ ಇಲ್ಲ’ ಎಂದು ನೀವು ಹೇಳುವುದು ಸಮಾಧಾನಕ್ಕೆ ಎಂದು ನನಗೆ ಗೊತ್ತು. ಅಪಾಯದ್ದೇನೂ ಕಾಣಲಿಲ್ಲ ಎಂಬುದು ನಿಮ್ಮ ಮನಸ್ಸಿನಲ್ಲಿರುತ್ತದೆ. ಮೇಜಿನ ಈಚೆ ಕೂತವರಿಗೆ, ನೀನು ಹೇಳುತ್ತಿರುವುದು ನಡೆಯುತ್ತಲೇ ಇಲ್ಲ ಎಂದು ಕೇಳಿಸುತ್ತದೆ. ಆಮೇಲೆ ರೋಗಿ ತನ್ನ ಮೈಯನ್ನಾದರೂ ಅನುಮಾನಿಸಬೇಕು, ನಿಮ್ಮನ್ನಾದರೂ ಅನುಮಾನಿಸಬೇಕು. ಹೆಚ್ಚಿನವರು ನಿಮ್ಮನ್ನು ಅನುಮಾನಿಸಿ ಇನ್ನೊಬ್ಬರ ಹತ್ತಿರ ಹೋಗುತ್ತಾರೆ. ಅಲ್ಲಿ ಮತ್ತೆ ಅದೇ ಪರೀಕ್ಷೆಗಳು, ಬೇರೆ ಲ್ಯಾಬಿನಲ್ಲಿ.

ಆದರೆ ನಾನು ಹೇಳಬೇಕೆಂದಿರುವ ಸಂಗತಿ ಆಸ್ಪತ್ರೆಯ ಹೊರಗಿನದು. ನಿಮ್ಮ ಆ ಎರಡು ಪದ ಕ್ಲಿನಿಕ್ಕಿನಲ್ಲಿ ಉಳಿಯುವುದಿಲ್ಲ. ನನಗಿಂತ ಮೊದಲೇ ಮನೆ ಸೇರುತ್ತದೆ. ‘ಡಾಕ್ಟ್ರೇ ಏನೂ ಇಲ್ಲ ಅಂದ್ರಂತಲ್ಲ’ ಎಂದು ಅಡುಗೆಮನೆಯಲ್ಲಿ ಒಂದು ಸಲ, ಹಬ್ಬದ ಹಿಂದಿನ ದಿನ ಮಂಡಿಯೂರಿ ನೆಲ ಒರೆಸಲಾಗದೆ ಕೂತಾಗ ಮತ್ತೊಂದು ಸಲ, ಶಾಲೆಯ ಸ್ಟಾಫ್‌ರೂಮಿನಲ್ಲಿ ಪರೀಕ್ಷಾ ಡ್ಯೂಟಿ ಹಂಚುವಾಗ ಇನ್ನೊಂದು ಸಲ. ಜ್ವರ ಬಂದವರ ಹಣೆ ಮುಟ್ಟಿ ನೋಡಬಹುದು, ಮುರಿದ ಕೈಗೆ ಬ್ಯಾಂಡೇಜ್ ಇರುತ್ತದೆ. ನಮ್ಮಂಥವರ ಕಾಯಿಲೆಗೆ ಸಾಕ್ಷಿ ಹೇಳಬಲ್ಲವರು ಲೋಕದಲ್ಲಿ ನೀವೊಬ್ಬರೇ. ನೀವೂ ಕೈಬಿಟ್ಟರೆ ಹೆಂಗಸಾದವಳು ‘ನಾಟಕ’ ಮಾಡುವವಳಾಗುತ್ತಾಳೆ, ಗಂಡಸಾದವನು ‘ಮೈಗಳ್ಳ’ನಾಗುತ್ತಾನೆ. ಕೂಲಿ ಮಾಡುವವರ ಪಾಡು ಕೇಳುವುದೇ ಬೇಡ. ನನಗೆ ಕುರ್ಚಿಯಾದರೂ ಇದೆ. ಕಾಫಿ ತೋಟದಲ್ಲಿ ಹಣ್ಣು ಬಿಡಿಸುವ ಹೆಂಗಸಿಗೆ ಬುಟ್ಟಿ ತೂಗಿದಷ್ಟೇ ಕೂಲಿ.

ಇನ್ನು ಭಯದ ಮಾತು. ಸ್ನಾಯು ಏಕೆ ಅದುರುತ್ತದೆ ಎಂದು ಫೋನಿನಲ್ಲಿ ಹುಡುಕಿದರೆ ಕ್ಷಣದಲ್ಲಿ ಏಎಲ್‌ಎಸ್ ಎಂಬ ಮೂರಕ್ಷರ ಬರುತ್ತದೆ, ಅದರ ಹಿಂದೆಯೇ ಗಾಲಿಕುರ್ಚಿಯಲ್ಲಿ ಕೂತ ಸ್ಟೀಫನ್ ಹಾಕಿಂಗ್. ಅಲ್ಲಿಂದ ನಮ್ಮ ರಾತ್ರಿಗಳು ಹೇಗಿರುತ್ತವೆ ಎಂದು ನಿಮ್ಮ ಪಠ್ಯಪುಸ್ತಕದಲ್ಲಿ ಇರಲಾರದು. ಕನ್ನಡಿಯೆದುರು ಟಾರ್ಚ್ ಹಿಡಿದು ನಾಲಿಗೆ ನೋಡಿಕೊಳ್ಳುವುದು, ಟೈಲರ್ ಟೇಪಿನಿಂದ ಎರಡೂ ಕಾಲಿನ ಸುತ್ತಳತೆ ತೆಗೆಯುವುದು, ಬಲ ಉಳಿದಿದೆಯೇ ಎಂದು ತುದಿಗಾಲಲ್ಲಿ ಹಜಾರದಿಂದ ಹಿತ್ತಿಲವರೆಗೆ ನಡೆಯುವುದು. ಹೀಗೆ ನಡೆದು ನಡೆದೇ ಮರುದಿನ ಕಾಲು ನೋಯುತ್ತದೆ. ನೋವನ್ನು ಕಂಡು ಭಯ ಇಮ್ಮಡಿಯಾಗುತ್ತದೆ. ಭಯಕ್ಕೆ ನಿದ್ದೆ ಹಾರುತ್ತದೆ. ನಿದ್ದೆ ಇಲ್ಲದ ಮೈ ಇನ್ನಷ್ಟು ಅದುರುತ್ತದೆ.

ನಗಬೇಡಿ. ಈ ಭಯದಲ್ಲಿ ನಿಮ್ಮ ವೃತ್ತಿಯವರದೇ ಮುಂದಿನ ಸಾಲು. 2013ರಲ್ಲಿ ಸಿಡ್ನಿಯ ನರರೋಗ ತಜ್ಞರಾದ ನೀಲ್ ಸೈಮನ್ ಮತ್ತು ಮ್ಯಾಥ್ಯೂ ಕೀರ್ನನ್, ಮೈ ಅದುರುವುದಕ್ಕೆ ಹೆದರಿ ತಮ್ಮ ಬಳಿ ಬಂದ ವೈದ್ಯರನ್ನೇ ಕುರಿತು ಒಂದು ಪ್ರಬಂಧ ಬರೆದರು. ಅವರ್ಯಾರಿಗೂ ಆ ಘೋರ ಕಾಯಿಲೆ ಬರಲಿಲ್ಲ. ಅದಕ್ಕೂ ಎಷ್ಟೋ ಮೊದಲು, 1963ರಲ್ಲಿ, ರೀಡ್ ಮತ್ತು ಕರ್ಲಂಡ್ ಎಂಬವರು ಆರೋಗ್ಯವಂತರಾಗಿದ್ದ ವೈದ್ಯಕೀಯ ಸಿಬ್ಬಂದಿಯನ್ನು ಕೇಳಿದಾಗ ನೂರಕ್ಕೆ ಸುಮಾರು 70 ಮಂದಿ ‘ನಮಗೂ ಆಗುತ್ತದೆ’ ಎಂದಿದ್ದರು. 1993ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನವರು, ಬಲ ಕುಂದದೆ ಬರೀ ಸ್ನಾಯು ಅದುರುತ್ತಿದ್ದ 121 ಮಂದಿಯನ್ನು 2ರಿಂದ 32 ವರ್ಷಗಳ ತನಕ ಗಮನಿಸಿ ಬರೆದ ವರದಿ ಬಂತು. ಒಬ್ಬರಿಗೂ ಏಎಲ್‌ಎಸ್‌ನಂಥ ಮೋಟಾರ್ ನ್ಯೂರಾನ್ ಕಾಯಿಲೆ ಬಂದಿರಲಿಲ್ಲ. ಈ ಕೊನೆಯ ಮಾತು ನನಗೆ ಯಾವ ನಿದ್ದೆ ಮಾತ್ರೆಗಿಂತಲೂ ಹೆಚ್ಚು ನಿದ್ದೆ ಕೊಟ್ಟಿದೆ. ಮೊದಲ ಭೇಟಿಯಲ್ಲೇ ಯಾರಾದರೂ ಹೇಳಬಹುದಿತ್ತು.

ಹೇಳಿದವರು ಕೊನೆಗೆ ನಿಮ್ಮ ವಯಸ್ಸಿನವರೇ ಆದ ಒಬ್ಬ ವೈದ್ಯೆ. ಅವರು ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅದರಲ್ಲಿ ದುಬಾರಿಯಾದದ್ದು ಯಾವುದೂ ಇರಲಿಲ್ಲ.

ಹಳೆಯ ರಿಪೋರ್ಟುಗಳ ಫೈಲನ್ನು ಪಕ್ಕಕ್ಕಿಟ್ಟು, ಪರದೆ ಎಳೆದು, ಮಂಚದ ಮೇಲೆ ಮಲಗಿಸಿದರು. ಸೀರೆ ಮಂಡಿಯ ತನಕ ಸರಿಸಿ, ಕಾಲು ಸಡಿಲ ಬಿಡಲು ಹೇಳಿ ಮೀನಖಂಡವನ್ನು ಸುಮ್ಮನೆ ನೋಡುತ್ತ ನಿಂತರು. ಸ್ವಲ್ಪ ಹೊತ್ತಿಗೆ ಅದು ಅದುರಿತು. ‘ಹೌದು, ಕಾಣ್ತಿದೆ’ ಎಂದರು. ಅಷ್ಟು ವರ್ಷಗಳಲ್ಲಿ ನನ್ನ ಹೊರತು ಅದನ್ನು ಕಂಡ ಮೊದಲ ವ್ಯಕ್ತಿ ಅವರು. ನನಗೆ ಅಳು ಬಂತು, ಅವರು ಅದನ್ನು ಕಂಡೂ ಕಾಣದವರಂತೆ ಕೆಲಸ ಮುಂದುವರಿಸಿದರು. ಬಾಯಿ ತೆರೆಸಿ, ನಾಲಿಗೆಯನ್ನು ಹೊರಗೆ ಚಾಚದೆ ಒಳಗೇ ಸುಮ್ಮನೆ ಇಟ್ಟುಕೊಳ್ಳಲು ಹೇಳಿ ನೋಡಿದರು. ಚಾಚಿದ ನಾಲಿಗೆ ಎಲ್ಲರದೂ ನಡುಗುತ್ತದಂತೆ. ಕನ್ನಡಿ ಮುಂದೆ ನಾನು ನೋಡಿಕೊಳ್ಳುತ್ತಿದ್ದದ್ದು ಆ ನಡುಕವನ್ನೇ. ಸುತ್ತಿಗೆಯಿಂದ ಮಂಡಿ, ಹಿಮ್ಮಡಿ, ಮೊಣಕೈ ತಟ್ಟಿದರು. ಹಿಮ್ಮಡಿಯ ಮೇಲೆ ನಡೆಸಿದರು, ತುದಿಗಾಲಲ್ಲಿ ನಡೆಸಿದರು, ಕುಕ್ಕರಗಾಲಲ್ಲಿ ಕೂರಿಸಿ ಏಳಿಸಿದರು. ಎರಡೂ ಅಂಗೈಗಳನ್ನು ಪಕ್ಕಪಕ್ಕ ಇರಿಸಿ ಹೆಬ್ಬೆರಳ ಬುಡದ ದಿಂಡು ಎರಡೂ ಕಡೆ ಸಮನಾಗಿದೆಯೇ ಎಂದು ಒತ್ತಿ ನೋಡಿದರು.

ಆಮೇಲೆ ಒಪಿಡಿ ಚೀಟಿಯ ಹಿಂದೆ ಒಂದು ಗೆರೆ ಎಳೆದರು. ಬೆನ್ನುಹುರಿಯಿಂದ ಹೊರಟ ಒಂದು ನರತಂತು ಸ್ನಾಯುವಿಗೆ ಬಂದು ಕವಲೊಡೆಯುತ್ತದೆ, ಒಂದೊಂದು ತಂತುವಿನ ಕೈಕೆಳಗೆ ಸ್ನಾಯುವಿನ ನೂರಾರು ಎಳೆಗಳಿರುತ್ತವೆ. ನರದ ತುದಿ ಸ್ವಲ್ಪ ಕೆರಳಿದರೂ ಮೇಲಿನ ಅಪ್ಪಣೆಯಿಲ್ಲದೆ ಅಲ್ಲೇ ಒಂದು ಕಿಡಿ ಹಾರುತ್ತದೆ, ಅದರ ಎಳೆಗಳೆಲ್ಲ ಒಮ್ಮೆಗೇ ಕುಗ್ಗುತ್ತವೆ. ಶಿಕ್ಷಕಿ ಎಂದು ತಿಳಿದಿದ್ದರಿಂದ ಅವರೇ ಹೇಳಿದರು: ಹೆಡ್‌ಮಾಸ್ತರರಿಗೆ ಗೊತ್ತಿಲ್ಲದೆ ತುಂಟ ಹುಡುಗನೊಬ್ಬ ಗಂಟೆ ಬಾರಿಸಿ ಓಡಿಹೋದ ಹಾಗೆ ಇದು, ಒಂದು ಕ್ಲಾಸು ಎದ್ದು ನಿಲ್ಲುತ್ತದೆ, ಕೂರುತ್ತದೆ, ಶಾಲೆಗೇನೂ ಆಗುವುದಿಲ್ಲ. ವಿದ್ಯುತ್ತಿಗೆ ಅದುರಿದ ಗಾಲ್ವಾನಿಯ ಕಪ್ಪೆಕಾಲಿನ ಕಥೆಯನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುವವಳು ನಾನು. ಆದರೂ ನನ್ನ ಕಾಲಿನ ಸುದ್ದಿಯನ್ನು ಬೇರೆಯವರ ಬಾಯಿಂದಲೇ ಕೇಳಬೇಕಾಯಿತು.

‘ಇದಕ್ಕೆ ಬಿನೈನ್ ಫ್ಯಾಸಿಕ್ಯುಲೇಶನ್ ಸಿಂಡ್ರೋಮ್ ಅಂತಾರೆ’ ಎಂದು ಚೀಟಿಯ ಮೇಲೆ ಬರೆದುಕೊಟ್ಟರು. ಮನಸ್ಸಿನ ಸಮಾಧಾನಕ್ಕೆ ಒಂದೇ ಒಂದು ಸಲ ಇಎಂಜಿ ಎಂಬ ಸ್ನಾಯು ಪರೀಕ್ಷೆ ಮಾಡಿಸಿ ಬನ್ನಿ, ಆಮೇಲೆ ಅದನ್ನು ಮತ್ತೆ ಮತ್ತೆ ಮಾಡಿಸಬೇಡಿ ಎಂದರು. ಪೂರ್ತಿ ಹೋಗುತ್ತದೆ ಎಂಬ ಭರವಸೆ ಕೊಡಲಿಲ್ಲ. ನಿದ್ದೆಗೆಟ್ಟರೆ, ಕಾಫಿ ಹೆಚ್ಚಾದರೆ, ಜ್ವರ ಬಂದು ಹೋದ ಮೇಲೆ, ರೂಢಿಯಿಲ್ಲದ ಶ್ರಮ ಮಾಡಿದರೆ ಜಾಸ್ತಿಯಾಗುತ್ತದೆ ಎಂದರು. (ಹಾಸನದವರಿಗೆ ಕಾಫಿ ಬಿಡಿ ಎನ್ನುವುದು ಸಣ್ಣ ಮಾತಲ್ಲ. ಮಧ್ಯಾಹ್ನದ ಮೇಲಿನದನ್ನು ಬಿಟ್ಟಿದ್ದೇನೆ, ಬೆಳಗಿನದರ ಬಗ್ಗೆ ಮಾತುಕತೆ ನಡೆಯುತ್ತಿದೆ.) ಕೊನೆಗೆ, ಯಾವಾಗ ಹೆದರಬೇಕು ಎಂಬುದನ್ನೂ ಹೇಳಿದರು: ಕಾಲಿನಿಂದ ಚಪ್ಪಲಿ ತಾನಾಗಿ ಜಾರತೊಡಗಿದರೆ, ಮುಂಗಾಲು ಎಳೆದರೆ, ರವಿಕೆಯ ಹುಕ್ಕು ಹಾಕಲು, ಬೀಗ ತಿರುಗಿಸಲು ಬೆರಳಿಗೆ ಶಕ್ತಿ ಸಾಲದಿದ್ದರೆ, ಮಾತು ತೊದಲಿದರೆ, ನುಂಗಲು ಕಷ್ಟವಾದರೆ, ಒಂದು ಕೈಯೋ ಕಾಲೋ ಕಣ್ಣಿಗೆ ಕಾಣುವಂತೆ ಸಣ್ಣಗಾದರೆ ತಡಮಾಡದೆ ಬನ್ನಿ. ಇಲ್ಲವಾದರೆ ಮೂರು ತಿಂಗಳಿಗೆ ಬನ್ನಿ.

ಇಷ್ಟೆಲ್ಲಕ್ಕೆ ನನ್ನ ಒಂದು ಪೀರಿಯಡ್ಡಿನ ಅರ್ಧವೂ ಹಿಡಿಯಲಿಲ್ಲ. ನಿಮ್ಮ ಒಪಿಡಿ ಮುಂದೆ ಬೆಳಗಿನಿಂದ ನಿಲ್ಲುವ ಸಾಲನ್ನು ನಾನೂ ಕಂಡಿದ್ದೇನೆ. ಅಷ್ಟು ಸಮಯ ಎಲ್ಲಿಂದ ತರುವುದು ಎಂದು ನೀವು ಕೇಳುವುದು ನ್ಯಾಯ. ಆದರೆ ಉತ್ತರ ಸಿಗದ ರೋಗಿ ಎರಡೆರಡು ನಿಮಿಷಕ್ಕೆಂದು ವರ್ಷವಿಡೀ ನಿಮ್ಮಲ್ಲಿಗೇ ಬರುತ್ತಾಳೆ. ಕೂಡಿ ನೋಡಿ. ನಾನು ಗಣಿತವನ್ನೂ ಕಲಿಸುತ್ತೇನೆ.

ಹಾಗೆಂದು ಎಲ್ಲ ಅದುರುವಿಕೆಯನ್ನೂ ನಿರಪಾಯದ ಪಟ್ಟಿಗೆ ಸೇರಿಸಿ ಕಳಿಸಿ ಎಂದು ನಾನು ಹೇಳುತ್ತಿಲ್ಲ. ಹಳ್ಳಿ ಆಸ್ಪತ್ರೆಗೆ ಹೋಗುವವರು ನೀವು. ಸ್ನಾಯು ಅದುರುವುದನ್ನು ನಿಮ್ಮಲ್ಲಿ ಹಲವರು ಮೊದಲು ನೋಡಿರುವುದು ಕೀಟನಾಶಕ ಮೈಗೇರಿ ವಾರ್ಡಿಗೆ ಬಂದ ರೈತರಲ್ಲೇ ಇರಬೇಕು. ಕುಡಿದವರು ಮಾತ್ರವಲ್ಲ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ, ಬರಿಗೈಲಿ ಔಷಧಿ ಕಲಸಿ ಸಿಂಪಡಿಸುವವರೂ ಇದ್ದಾರೆ. ಕೆಲಸ ಏನೆಂದು ಕೇಳಿ. ವರ್ಷಗಟ್ಟಲೆ ದಿನಾ ಬೆಳಗ್ಗೆ ಗ್ಯಾಸ್ ಮಾತ್ರೆ ನುಂಗುವವರಲ್ಲಿ ಮೆಗ್ನೀಷಿಯಂ ಇಳಿಯಬಹುದು. ಆಸ್ತಮಾ ಪಂಪಿನಿಂದ ಕೈ ನಡುಗಬಹುದು, ಕೊಲೆಸ್ಟರಾಲ್ ಮಾತ್ರೆಯಿಂದ ಸ್ನಾಯು ನೋಯಬಹುದು. ಸಸ್ಯಾಹಾರಿ ಮನೆಗಳಲ್ಲಿ ಬಿ12, ಬಿಸಿಲಿನ ನಾಡಿನಲ್ಲಿದ್ದೂ ಬಿಸಿಲು ಕಾಣದವರಲ್ಲಿ ಡಿ ಕಡಿಮೆ ಇರುವುದು ನಿಮಗೆ ನಾನು ಹೇಳಬೇಕಾದ್ದಲ್ಲ. ಪಾದರಸ ಸೇರಿದ ಭಸ್ಮಗಳ ವಿಷಯವನ್ನೂ ಕೇಳಿ, ಬೈಯದೆ ಕೇಳಿ; ಬೈದರೆ ಯಾರೂ ನಿಜ ಹೇಳುವುದಿಲ್ಲ. ಇನ್ನು, ಬಟ್ಟೆ ಸರಿಸಿ ಕೈಕಾಲು ಹೋಲಿಸಿ ನೋಡುವುದರ ಬೆಲೆ ತಿಳಿಯಲು ದೂರ ಹೋಗಬೇಕಿಲ್ಲ. ಯುವಕರಲ್ಲಿ ಒಂದೇ ಕೈ ಅಥವಾ ಒಂದೇ ಕಾಲು ಸಣ್ಣಗಾಗಿ, ಕೆಲವು ವರ್ಷ ಮುಂದುವರಿದು, ಅಲ್ಲಿಗೇ ನಿಂತುಬಿಡುವ ಕಾಯಿಲೆಗೆ ಮೊನೊಮೆಲಿಕ್ ಅಮಯೋಟ್ರೊಫಿ ಎಂಬ ಹೆಸರು ಬಂದದ್ದು 1984ರಲ್ಲಿ, ನಮ್ಮ ನಿಮ್ಹಾನ್ಸ್‌ನಲ್ಲಿ ಡಾ. ಎಂ. ಗೌರಿದೇವಿ ಮತ್ತು ಅವರ ಸಂಗಡಿಗರ ಕೆಲಸದಿಂದ.

ಈಗ ನೋವಿನ ಮಾತಿಗೆ ಬರುತ್ತೇನೆ. ಅದುರುವಿಕೆಗಿಂತ ಇದು ಹೆಚ್ಚು ಜನರದು, ಹೆಚ್ಚು ಅವಮಾನದ್ದು.

2006ರಲ್ಲಿ ಚಿಕೂನ್‌ಗುನ್ಯ ಬಂದಾಗ ನಿಮ್ಮಲ್ಲಿ ಕೆಲವರು ಇನ್ನೂ ಪ್ರೈಮರಿ ಶಾಲೆಯ ಮಕ್ಕಳು. ಕರ್ನಾಟಕವೊಂದರಲ್ಲೇ ಏಳು ಲಕ್ಷಕ್ಕೂ ಮೀರಿ ಶಂಕಿತ ಪ್ರಕರಣಗಳು ದಾಖಲಾದವು. ಊರಿಗೆ ಊರೇ ಗೋಡೆ ಹಿಡಿದು ನಡೆಯಿತು. ಜ್ವರ ವಾರದಲ್ಲಿ ಬಿಟ್ಟಿತು. ನೋವು ಕೆಲವರನ್ನು ತಿಂಗಳುಗಟ್ಟಲೆ, ಕೆಲವರನ್ನು ವರ್ಷಗಟ್ಟಲೆ ಬಿಡಲಿಲ್ಲ. ಆಗ ಯಾರೂ ಯಾರಿಗೂ ‘ಏನೂ ಇಲ್ಲ’ ಎನ್ನಲಿಲ್ಲ, ಯಾಕೆಂದರೆ ಹೇಳುವವರ ಮೈಯೂ ನೋಯುತ್ತಿತ್ತು. ನೋವಿಗೊಂದು ಹೆಸರಿದ್ದರೆ ಜನ ಎಷ್ಟು ಕರುಣಾಳುಗಳಾಗಬಲ್ಲರು ಎಂದು ನಾನು ಕಂಡದ್ದು ಆ ವರ್ಷ.

ಹೆಸರಿಲ್ಲ ಎಂದು ನೀವು ತಿಳಿದಿರುವ ನೋವಿಗೂ ಈಗ ಹೆಸರಿದೆ. ಅದು ಫೈಬ್ರೊಮಯಾಲ್ಜಿಯ. ಅದನ್ನು ಗುರುತಿಸಲು 1990ರಲ್ಲಿ ಅಮೆರಿಕದ ಸಂಧಿವಾತ ತಜ್ಞರು ಮೈಮೇಲಿನ 18 ಬಿಂದುಗಳನ್ನು ಒತ್ತಿ, 11ರಲ್ಲಾದರೂ ನೋವಿರಬೇಕು ಎಂದು ನಿಯಮ ಮಾಡಿದ್ದರು. 2010ರಲ್ಲಿ ಆ ಒತ್ತುವ ಲೆಕ್ಕ ಕೈಬಿಟ್ಟು, ನೋವು ಎಲ್ಲೆಲ್ಲಿದೆ, ನಿದ್ದೆ ಹೇಗಿದೆ, ದಣಿವು ಎಷ್ಟು, ಮಂಕು ಎಷ್ಟು ಎಂದು ಕೇಳಿ ನಿರ್ಧರಿಸುವ ಕ್ರಮ ತಂದರು. ಅಂದರೆ ರೋಗಿಯ ಮಾತೇ ಇಲ್ಲಿ ಪರೀಕ್ಷೆ. 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11ರಲ್ಲಿ ದೀರ್ಘಕಾಲದ ನೋವಿಗೆ, ಬೇರೆ ಕಾಯಿಲೆಯ ಲಕ್ಷಣವಾಗಿ ಅಲ್ಲದೆ ಅದೇ ಒಂದು ಕಾಯಿಲೆಯಾಗಿ, ಕ್ರಾನಿಕ್ ಪ್ರೈಮರಿ ಪೇನ್ ಎಂಬ ಸ್ಥಾನವಿದೆ. ಇದರ ಹಿಂದಿನ ವಿವರಣೆ ನಿಮಗೆ ಗೊತ್ತಿರುವುದೇ. ಪದೇ ಪದೇ ನೋವಿನ ಸಂದೇಶ ಹೊತ್ತ ಬೆನ್ನುಹುರಿ ಮತ್ತು ಮಿದುಳಿನ ಜಾಲ ತಾನೇ ಸೂಕ್ಷ್ಮವಾಗಿಬಿಡುತ್ತದೆ. ಹಗುರ ಸ್ಪರ್ಶವನ್ನೂ ನೋವಾಗಿ ಓದಿಕೊಳ್ಳುತ್ತದೆ. ಕ್ಲಿಫರ್ಡ್ ವೂಲ್ಫ್ 1983ರಲ್ಲೇ ಪ್ರಯೋಗದಿಂದ ತೋರಿಸಿದ ಸಂಗತಿ ಇದು. ರಕ್ತದಲ್ಲಿ, ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ. ಆದ್ದರಿಂದ ರಿಪೋರ್ಟ್ ನಾರ್ಮಲ್ ಬಂದದ್ದು ಈ ಕಾಯಿಲೆಯ ಮಟ್ಟಿಗೆ ನಿರೀಕ್ಷಿತ ಫಲಿತಾಂಶ, ರೋಗಿ ಸುಳ್ಳು ಹೇಳುತ್ತಿದ್ದಾಳೆ ಎನ್ನಲು ಪುರಾವೆ ಅಲ್ಲ.

ಇಲ್ಲೊಂದು ಗಟ್ಟಿ ಮಾತು ಹೇಳಬೇಕು, ಕ್ಷಮಿಸಿ. ಮೈಕೈ ನೋವು ಎಂದವರಿಗೆಲ್ಲ ಸೊಂಟಕ್ಕೊಂದು ಸೂಜಿ, ಕೈಗೊಂದು ಬಾಟಲಿ ಹಾಕಿ ಕಳಿಸುವ ಪದ್ಧತಿಯನ್ನು ದಯವಿಟ್ಟು ಮುಂದುವರಿಸಬೇಡಿ. ಜನರೇ ಕೇಳುತ್ತಾರೆ ಎನ್ನುತ್ತೀರಿ. ಕೇಳುತ್ತಾರೆ, ನಾನೂ ಕೇಳಿದವರ ಪಕ್ಕ ಬೆಂಚಿನಲ್ಲಿ ಕೂತಿದ್ದೇನೆ. ಕೆಂಪು ಬಣ್ಣದ ‘ನರದ ಇಂಜೆಕ್ಷನ್’ಗೆ ಅರ್ಧ ದಿನದ ಕೂಲಿ ಕೊಟ್ಟು, ಬಸ್ಸಿನಲ್ಲಿ ನಿಂತು ಮನೆಗೆ ಹೋಗುವ ಹೆಂಗಸಿಗೆ ಬಿ12 ಕೊರತೆ ಇದ್ದರೆ ಸರಿ. ಇಲ್ಲದಿದ್ದರೆ ಅದು ಹಣಕ್ಕೂ ನಂಬಿಕೆಗೂ ನಷ್ಟ. ಫೈಬ್ರೊಮಯಾಲ್ಜಿಯದಲ್ಲಿ ಮಾಮೂಲಿ ನೋವಿನ ಮಾತ್ರೆಗಳಿಂದ ಹೆಚ್ಚು ಪ್ರಯೋಜನ ಇಲ್ಲ, ಹೊಟ್ಟೆಗೂ ಮೂತ್ರಪಿಂಡಕ್ಕೂ ಆಗುವ ಹಾನಿ ಮಾತ್ರ ತಪ್ಪುವುದಿಲ್ಲ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2016ರಲ್ಲಿ ಎಲ್ಲ ಚಿಕಿತ್ಸೆಗಳನ್ನೂ ತೂಗಿ ನೋಡಿ ಗಟ್ಟಿಯಾಗಿ ಶಿಫಾರಸು ಮಾಡಿದ್ದು ಒಂದನ್ನೇ, ವ್ಯಾಯಾಮ. ಆದರೆ ‘ವಾಕಿಂಗ್ ಮಾಡಿ’ ಎಂದು ಬಾಗಿಲ ಹತ್ತಿರ ಎದ್ದು ನಿಂತವರಿಗೆ ಹೇಳಿದರೆ ಅದು ಚಿಕಿತ್ಸೆಯಾಗದು. ಮೊದಲ ದಿನ ಎಷ್ಟು ದೂರ, ನೋವು ಹೆಚ್ಚಾದರೆ ಏನು, ಯಾವಾಗ ಹೆಚ್ಚಿಸಬೇಕು ಎಂದು ಮಾತ್ರೆಯ ಪ್ರಮಾಣ ಬರೆಯುವಷ್ಟೇ ಸ್ಪಷ್ಟವಾಗಿ ಚೀಟಿಯ ಮೇಲೆ ಬರೆಯಿರಿ. ನಾನು ಶಾಲೆಯ ಗೇಟಿನಿಂದ ಧ್ವಜಸ್ತಂಭದ ತನಕ ನಡೆಯುವುದರಿಂದ ಶುರು ಮಾಡಿದೆ. ಈಗ ಸಂಜೆ ಕೆರೆ ಏರಿಯ ತನಕ ಹೋಗಿಬರುತ್ತೇನೆ. ನೋವು ಹೋಗಿಲ್ಲ, ನೋವಿದ್ದೂ ಮಾಡಬಹುದಾದ ಕೆಲಸಗಳು ಹೆಚ್ಚಾಗಿವೆ.

ಮಾತ್ರೆ ಬೇಕಾದವರೂ ಇರುತ್ತಾರೆ. ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್ ಬರೆದರೆ ಯಾಕೆ ಬರೆದಿರಿ ಎಂದು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಮೆಡಿಕಲ್ ಶಾಪಿನ ಹುಡುಗ ಹೇಳುತ್ತಾನೆ, ‘ಇದು ಡಿಪ್ರೆಶನ್ ಮಾತ್ರೆ ಆಂಟಿ’ ಎಂದು. ಆ ಪೊಟ್ಟಣ ಅವತ್ತೇ ಕಸದ ಬುಟ್ಟಿ ಸೇರುತ್ತದೆ, ನಿಮ್ಮ ಮೇಲಿನ ನಂಬಿಕೆಯೂ.

ಮನಸ್ಸಿನ ವಿಷಯವನ್ನು ಮಾತನಾಡಲೇಬಾರದು ಎಂದು ನಾನು ಹೇಳಲಾರೆ. ಕಳವಳಕ್ಕೂ ಅದುರುವುದಕ್ಕೂ, ನಿದ್ದೆಗೂ ನೋವಿಗೂ ನಂಟಿದೆ. ಅದನ್ನು ಮುಚ್ಚಿಟ್ಟರೆ ಅರ್ಧ ಚಿಕಿತ್ಸೆಯನ್ನೇ ಮುಚ್ಚಿಟ್ಟಂತೆ. ಬೇಡಿಕೆ ಇಷ್ಟೇ: ಮೈಯನ್ನು ಮುಟ್ಟಿ ನೋಡಿದ ಮೇಲೆ ಮನಸ್ಸಿನ ಮಾತು ಎತ್ತಿ. ನಾಡಿಯನ್ನೂ ಹಿಡಿಯದೆ ‘ಮನೇಲಿ ಏನಾದ್ರೂ ಟೆನ್ಷನ್ನಾ?’ ಎಂದು ಕೇಳಿದರೆ, ಟೆನ್ಷನ್ ಇಲ್ಲದ ಮನೆ ಈ ರಾಜ್ಯದಲ್ಲಿ ಯಾವುದಿದೆ? ಈ ಪ್ರಶ್ನೆ ಹೆಂಗಸರಿಗೆ ಹೆಚ್ಚು ಬರುತ್ತದೆ, ಬೇಗ ಬರುತ್ತದೆ. ನಲವತ್ತು ದಾಟಿದವರಿಗೆ ‘ವಯಸ್ಸಾಯ್ತಲ್ಲ’ ಎಂಬುದು ಅದರ ಜೊತೆಗೆ ಉಚಿತ.

ಇದನ್ನೆಲ್ಲ ಕನ್ನಡದಲ್ಲಿ ಹೇಳುವುದು ಕಷ್ಟ ಎಂಬ ನೆಪವನ್ನು ದಯವಿಟ್ಟು ಕೊಡಬೇಡಿ. ನಿಮ್ಮ ವೃತ್ತಿಯವರೇ ಆದ ಅನುಪಮಾ ನಿರಂಜನ ಬಸುರಿ ಬಾಣಂತಿಯರಿಗೆ ಮನೆಮಾತಿನಲ್ಲಿ ತಿಳಿಹೇಳಿದರು, ಡಾ. ಎಂ. ಶಿವರಾಂ, ನಮ್ಮ ರಾಶಿಯವರು, ‘ಕೊರವಂಜಿ’ ಪತ್ರಿಕೆ ನಡೆಸಿದವರು, ಮನಸ್ಸಿನ ಆಳವನ್ನೂ ಕನ್ನಡಕ್ಕೆ ತಂದರು, ‘ಮನಮಂಥನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು, ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಬರೆದ ಪುಸ್ತಕಗಳು ಹಳ್ಳಿಯ ಗ್ರಂಥಾಲಯಗಳಲ್ಲೂ ಸಿಗುತ್ತವೆ. ಜನರ ಕಡೆಯಿಂದಲೂ ಮಾತಿಗೆ ಬರವಿಲ್ಲ. ‘ನರ ಹಾರ್ತಾವ್ರೀ’ ಎಂದು ಒಬ್ಬರು, ‘ಹುಳ ಹರಿದಂಗಾಯ್ತದೆ’ ಎಂದು ಇನ್ನೊಬ್ಬರು, ‘ಮೈ ಕಡಿತೈತಿ’ ಎಂದು ಮತ್ತೊಬ್ಬರು ಹೇಳಿದಾಗ ಅದರಲ್ಲಿ ಒಂದೊಂದೂ ಒಂದೊಂದು ಲಕ್ಷಣ. ನಗದೆ ಕೇಸ್‌ಶೀಟಿನಲ್ಲಿ ಆ ಮಾತನ್ನು ಹಾಗೇ ಬರೆದುಕೊಳ್ಳಿ.

ಇನ್ನು ಎರಡು ಲೌಕಿಕದ ಕೋರಿಕೆ. ವೈದ್ಯಕೀಯ ಪ್ರಮಾಣಪತ್ರ ಕೊಡುವಾಗ ‘ಬಾಡಿ ಪೇನ್’ ಎಂದಷ್ಟೇ ಗೀಚಬೇಡಿ. ಅದನ್ನು ಕಂಡ ಮೇಲಧಿಕಾರಿಯ ಮುಖದಲ್ಲಿ ಏನು ಮೂಡುತ್ತದೆ ಎಂಬುದನ್ನು ಪರಿವರ್ತಿತ ರಜೆ ಕೇಳಿದ ಯಾವ ನೌಕರರನ್ನಾದರೂ ಕೇಳಿ. ಕಾಯಿಲೆಯ ಹೆಸರು, ಅದರಿಂದ ಯಾವ ಕೆಲಸ ಆಗದು, ಯಾವುದು ಆಗುತ್ತದೆ ಎಂದು ಎರಡು ಸಾಲು ಬರೆಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಫೈಬ್ರೊಮಯಾಲ್ಜಿಯದ ಹೆಸರಿಲ್ಲ. ನಮಗಿರುವ ರಕ್ಷಣೆ ನಿಮ್ಮ ಅಕ್ಷರವೊಂದೇ. ಎರಡನೆಯದು, ಮುಂದಿನ ಭೇಟಿಗೆ ಮನೆಯವರೊಬ್ಬರನ್ನು ಕರೆತರಲು ಹೇಳಿ, ಅವರ ಎದುರಿಗೆ ‘ಇವರ ಕಾಯಿಲೆ ನಿಜ, ಜೀವಕ್ಕೆ ಅಪಾಯವಿಲ್ಲ, ಆದರೆ ಇವರಿಗೆ ನೋಯುತ್ತದೆ’ ಎಂದು ನಿಮ್ಮ ಬಾಯಿಂದಲೇ ಹೇಳಿ. ನನ್ನ ಮನೆಯಲ್ಲಿ ಆ ಒಂದು ಮಾತಿನ ಮಾರನೇ ದಿನದಿಂದ ನೀರಿನ ಕೊಡ ಎತ್ತುವವರು ಬದಲಾದರು.

ನಿಮಗೆ ಉತ್ತರ ತಿಳಿಯದಿದ್ದರೆ ‘ಏನೆಂದು ಈಗ ಹೇಳಲಾರೆ, ಜೊತೆಗಿರುತ್ತೇನೆ, ನೋಡೋಣ’ ಎನ್ನಿ. ನಾವು ಅದನ್ನು ತಡೆದುಕೊಳ್ಳುತ್ತೇವೆ. ರಿಪೋರ್ಟ್ ನಾರ್ಮಲ್ ಬಂದ ದಿನ ರೋಗಿಯನ್ನು ಎಬ್ಬಿಸಬೇಡಿ, ಕೂರಿಸಿ. ಏನನ್ನು ಪರೀಕ್ಷಿಸಿದಿರಿ, ಯಾವುದು ಇಲ್ಲವೆಂದು ಖಚಿತವಾಯಿತು, ಉಳಿದದ್ದಕ್ಕೆ ಏನು ಹೆಸರು, ಯಾವ ಲಕ್ಷಣ ಕಂಡರೆ ಓಡಿ ಬರಬೇಕು ಎಂದು ಅವರ ಮಾತಿನಲ್ಲಿ ಹೇಳಿ, ಮತ್ತೆ ಬರಬೇಕಾದ ತಾರೀಖನ್ನು ಚೀಟಿಯ ಮೇಲೆ ಬರೆದುಕೊಡಿ.

ಇಂತಿ ತಮ್ಮ ವಿಶ್ವಾಸಿ,

ಹಾಸನ ಜಿಲ್ಲೆಯ ಒಬ್ಬ ಪ್ರೌಢಶಾಲಾ ಶಿಕ್ಷಕಿ